ಹೊಳೆಬಾಗಿಲಲ್ಲಿ ಐದು ಸ್ವರ

ಪ್ರಶ್ನೆ: ಇಂಗ್ಲಿಷಿನ ಐದೂ ಸ್ವರಾಕ್ಷರಗಳಿರುವ ಪದ ಹುಡುಕುವ ಆಟವನ್ನು ಕನ್ನಡದಲ್ಲೂ ಆಡಬಹುದೇ?

ಉತ್ತರ: ಧಾರಾಳವಾಗಿ. ಇಂಗ್ಲಿಷಿನಲ್ಲಿ ‘ಎಜುಕೇಷನ್’ ಎಲ್ಲರಿಗೂ ಗೊತ್ತು. ‘ಫೆಸೀಷಿಯಸ್’ ಇನ್ನೂ ಜಾಣ ಪದ. ಅದರಲ್ಲಿ ಎ, ಇ, ಐ, ಓ, ಯು ಅದೇ ಸರದಿಯಲ್ಲಿ ಬರುತ್ತವೆ. ಹದಿನಾಲ್ಕು ಅಕ್ಷರಗಳ ‘ಸಬ್‌ಕಾಂಟಿನೆಂಟಲ್’ನಲ್ಲಿ ಸರದಿ ತಿರುವುಮುರುವು.

ನನಗೆ ಇವೆಲ್ಲಕ್ಕಿಂತ ಪ್ರಿಯವಾದದ್ದು ಸಾಗರ ತಾಲ್ಲೂಕಿನ ಹೊಳೆಬಾಗಿಲು. ಸಿಗಂದೂರಿಗೆ ಹೋಗುವವರು ಲಾಂಚಿಗಾಗಿ ಕಾಯುತ್ತಿದ್ದ, ಶರಾವತಿ ಹಿನ್ನೀರಿನ ಆ ದಡ. 2025ರ ಜುಲೈಯಲ್ಲಿ ಸೇತುವೆ ಆಗಿ ಕಾಯುವುದು ತಪ್ಪಿತು, ಇರಲಿ. ಆ ಹೆಸರನ್ನು ಬಿಡಿಸಿ ನೋಡಿ: ಹೊ, ಳೆ, ಬಾ, ಗಿ, ಲು. ಒ, ಎ, ಆ, ಇ, ಉ! ಐದು ಅಕ್ಷರಕ್ಕೆ ಐದು ಸ್ವರ, ಒಂದೂ ಮರುಕಳಿಸಿಲ್ಲ. ಬಸ್ಸಿನ ಬೋರ್ಡಿನಂತೆ ಇಂಗ್ಲಿಷಿನಲ್ಲಿ ಬರೆದರೂ ಅಲ್ಲಿನ ಐದು ಸ್ವರಾಕ್ಷರಗಳು ಒಂದೊಂದೇ ಸಲ ಬರುತ್ತವೆ. ಎರಡೂ ಲಿಪಿಯಲ್ಲಿ ಗೆಲ್ಲುವ ಊರು ಅಪರೂಪವೇ ಸರಿ.

ಹುಡುಕುವಾಗ ವ್ಯಂಜನ ಮರೆತು ಗುಣಿತ ಮಾತ್ರ ನೋಡಿ. ಹೊಸನಗರ ತಾಲ್ಲೂಕಿನ ಕೊಡಚಾದ್ರಿಗೆ ನಾಲ್ಕಕ್ಕೆ ನಾಲ್ಕು: ಒ, ಅ, ಆ, ಇ. ತೀರ್ಥಹಳ್ಳಿ ಮಾತ್ರ ನಡುವೆ ಎರಡು ಅಕಾರ ಬಂದು ಸೋಲುತ್ತದೆ. ಅದೇ ತಾಲ್ಲೂಕಿನ ಆಗುಂಬೆ ಮೂರಕ್ಕೆ ಮೂರು ಗಳಿಸಿ ಮಾನ ಉಳಿಸಿದೆ.