ಸಿಲಿಂಡರಿನ ಓಟ, ರೆಸಿಸ್ಟರಿನ ಬಿಸಿ

ಆನೈಮಲೈ ತಪ್ಪಲಿನ ಪೊಳ್ಳಾಚಿ, ಉಡುಮಲೈಗಳಿಂದ ಕೊಯಮತ್ತೂರಿನವರೆಗೂ ನೂಲಿನ ಗಿರಣಿಗಳಿವೆ. ಗಿರಣಿಯಲ್ಲಿ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸುವ ಕಾರ್ಡಿಂಗ್ ಯಂತ್ರದ ಭಾರಿ ಸಿಲಿಂಡರ್ ಸ್ವಿಚ್ ಆರಿಸಿದ ಮೇಲೂ ನಿಮಿಷಗಟ್ಟಲೆ ಸುತ್ತುತ್ತದೆ. ಅದು ನಿಲ್ಲದೆ ಯಂತ್ರದ ಬಾಗಿಲು ತೆಗೆಯುವಂತಿಲ್ಲ. ಬೇಗ ನಿಲ್ಲಬೇಕೆಂದರೆ ಅದರೊಳಗಿನ ಚಲನಶಕ್ತಿಯನ್ನು ಎಲ್ಲಿಗಾದರೂ ಸಾಗಹಾಕಬೇಕು.

ಸಿಲಿಂಡರನ್ನು ತಿರುಗಿಸುವ ಮೋಟಾರಿಗೆ ಈಗ ಹಲವೆಡೆ ವಿದ್ಯುತ್ ಬರುವುದು ಡ್ರೈವ್ ಮೂಲಕ. ಅದು ಎಸಿಯನ್ನು ಡಿಸಿ ಮಾಡಿ, ಬೇಕಾದ ಆವರ್ತನದ ಎಸಿಯಾಗಿ ಮತ್ತೆ ಕೊಡುತ್ತದೆ. ನಾಲ್ಕು ಧ್ರುವಗಳ ಮೋಟಾರಿನಲ್ಲಿ 50 ಹರ್ಟ್ಸ್‌ಗೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ತಿರುಗಿದರೆ, ಅದರ ತಿರುಗುವ ಭಾಗವಾದ ರೋಟರ್ ತುಸು ಹಿಂದೆ, 1440ರ ಆಸುಪಾಸಿನಲ್ಲಿರುತ್ತದೆ. ಆವರ್ತನವನ್ನು ಇಳಿಸುತ್ತ ಹೋದಂತೆ ಕ್ಷೇತ್ರ ನಿಧಾನವಾಗುತ್ತದೆ, ಭಾರ ಹೊತ್ತ ರೋಟರ್ ಅಷ್ಟು ಬೇಗ ಇಳಿಯದು. ಕ್ಷೇತ್ರವನ್ನು ರೋಟರ್ ಹಿಂದಿಕ್ಕಿದ ಗಳಿಗೆಯಿಂದ ಮೋಟಾರೇ ಜನರೇಟರ್.

ತೊಡಕು ಇಲ್ಲೇ. ಸಾಮಾನ್ಯ ಡ್ರೈವಿನ ಮುಂಬದಿಯ ಡಯೋಡ್‌ಗಳು ವಿದ್ಯುತ್ತನ್ನು ಒಳಗೆ ಬಿಡುತ್ತವೆ, ಹೊರಗೆ ಬಿಡುವುದಿಲ್ಲ; ಮೋಟಾರಿನಿಂದ ಮರಳಿದ ಶಕ್ತಿ ಡ್ರೈವಿನೊಳಗೇ ಕೂಡಿಕೊಳ್ಳುತ್ತದೆ. 415 ವೋಲ್ಟ್ ಪೂರೈಕೆಯಲ್ಲಿ 560ರಿಂದ 590 ವೋಲ್ಟ್ ಇರುವ ಡಿಸಿ ಒತ್ತಡ ಏರುತ್ತ 800ರ ಸುಮಾರಿಗೆ ಬಂದರೆ ಡ್ರೈವ್ ಟ್ರಿಪ್ ಆಗುತ್ತದೆ. ಅದಕ್ಕೆ ಮುಂಚೆಯೇ ಚಾಪರ್ ಎಂಬ ಸ್ವಿಚ್ ಶಕ್ತಿಯನ್ನು ರೆಸಿಸ್ಟರಿಗೆ ತಿರುಗಿಸಿ ಬಿಸಿಯಾಗಿ ಕಳೆಯುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಇರುವುದರಿಂದ ವೇಗ ಅರ್ಧಕ್ಕಿಳಿಯುವಷ್ಟರಲ್ಲಿ ಮುಕ್ಕಾಲು ಪಾಲು ಹೊರಬಿದ್ದಿರುತ್ತದೆ. ರೆಸಿಸ್ಟರಿನ ಗಾತ್ರ ಗೊತ್ತುಮಾಡುವಾಗ ಈ ಮೊದಲ ಹೊಡೆತವನ್ನು ಮರೆಯಬಾರದು.

ಮೋಟಾರಿನ ಸುರುಳಿಗೆ ನೇರವಾಗಿ ಡಿಸಿ ಹರಿಸಿ ಕ್ಷೇತ್ರವನ್ನು ನಿಶ್ಚಲಗೊಳಿಸುವ ಉಪಾಯವೂ ಉಂಟು; ಆಗ ಬಿಸಿಯೆಲ್ಲ ರೋಟರಿನ ಪಾಲು, ಪದೇ ಪದೇ ಮಾಡಿದರೆ ಮೋಟಾರ್ ಬಾಳದು. ಶಕ್ತಿಯನ್ನು ಗ್ರಿಡ್ಡಿಗೇ ಮರಳಿಸುವ ಡ್ರೈವ್ ದುಬಾರಿ. ಲಿಫ್ಟ್, ಕ್ರೇನ್‌ಗಳಂತೆ ಗಳಿಗೆಗೊಮ್ಮೆ ನಿಲ್ಲುವ ಕಡೆ ಅದಕ್ಕೆ ಬೆಲೆ. ಅಪರೂಪಕ್ಕೆ ನಿಲ್ಲುವ ಕಾರ್ಡಿಂಗ್ ಯಂತ್ರಕ್ಕೆ ರೆಸಿಸ್ಟರೇ ಸಾಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು ನೂಲು ಹೊಸೆಯುವ ಯಂತ್ರವಾದ ರಿಂಗ್ ಫ್ರೇಮಿನ ಜಾಣತನ. ಕರೆಂಟ್ ಹೋದಾಗ ಸ್ಪಿಂಡಲ್‌ಗಳು ಒಂದು ತಾಳದಲ್ಲಿ, ನೂಲು ಎಳೆಯುವ ರೋಲರ್‌ಗಳು ಇನ್ನೊಂದರಲ್ಲಿ ನಿಂತರೆ ಸಾಲುಸಾಲಾಗಿ ಎಳೆ ಹರಿಯುತ್ತದೆ. ಆಗ ಡ್ರೈವ್ ಮೋಟಾರನ್ನು ಹದವಾಗಿ ಬ್ರೇಕ್ ಮಾಡಿ, ಹುಟ್ಟಿದ ವಿದ್ಯುತ್ತಿನಿಂದಲೇ ತನ್ನನ್ನೂ ರೋಲರ್ ಮೋಟಾರುಗಳನ್ನೂ ನಡೆಸಿ, ಎಲ್ಲವನ್ನೂ ಒಟ್ಟಿಗೆ ನಿಲ್ಲಿಸಬಲ್ಲದು.

ಆದರೆ ವಿದ್ಯುತ್ ಬ್ರೇಕ್ ಓಟವನ್ನು ಇಳಿಸುತ್ತದೆಯೇ ಹೊರತು, ಕರೆಂಟಿಲ್ಲದಾಗ ನೇತಾಡುವ ಭಾರವನ್ನು ಹಿಡಿದಿಡುವುದಿಲ್ಲ. ಲಿಫ್ಟಿಗೆ, ಕ್ರೇನಿಗೆ ಡ್ರೈವ್ ಕೊಳ್ಳುವವರು ಯಾಂತ್ರಿಕ ಬ್ರೇಕನ್ನು ಬಿಡಬಾರದು.