ಅರ್ಜಿಯ ಚೌಕದಲ್ಲಿ ನಮ್ಮ ಹೆಸರು

ಉದ್ಯೋಗನಿಮಿತ್ತ ಪುಣೆಯಲ್ಲಿ ನೆಲೆಸಿದ ಕನ್ನಡಿಗರಿಗೆ ಗಣಕಯಂತ್ರದ ಅರ್ಜಿಯಲ್ಲಿ ಮೊದಲ ತೊಡಕು ಸ್ವಂತ ಹೆಸರೇ. ಇಲ್ಲಿಯ ವಾಡಿಕೆಯಂತೆ ತನ್ನ ಹೆಸರು, ತಂದೆಯ ಅಥವಾ ಗಂಡನ ಹೆಸರು, ಕಡೆಗೆ ಅಡ್ಡಹೆಸರು. ಧಾರವಾಡ, ಬೆಳಗಾವಿಗಳ ಕಡೆಯವರಿಗೆ ಇದು ಸಹಜ. ಮೈಸೂರು ಕಡೆಯ ಬಹುಮಂದಿಗೆ ಊರು ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳಷ್ಟೇ ಆಸ್ತಿ. ‘ಅಡ್ಡಹೆಸರು ಕಡ್ಡಾಯ’ವೆಂದು ಯಂತ್ರ ಹಟ ಹಿಡಿದರೆ ತಾತನ ಊರೇ ಕುಲನಾಮವಾಗಬೇಕು! ಮುಂದೆ ಆಸ್ಪತ್ರೆಯ ದಾಖಲೆಯಲ್ಲೊಂದು, ವಿಮಾಪತ್ರದಲ್ಲೊಂದು ಹೆಸರಾದರೆ ಹಣದ ಮಂಜೂರಾತಿಗೂ ಅಡ್ಡಿ ಬಂದೀತು. ಆದ್ದರಿಂದ ವಾಚಕರು ಮನೆಯ ಹಿರಿಯರ ಹೆಸರನ್ನು ಎರಡೂ ಕಡೆ ಈಗಲೇ ಹೋಲಿಸಿ ನೋಡುವುದು ಲೇಸು.

2021ರ ಮಾರ್ಚ್ 1ರಿಂದ ಹಿರಿಯ ನಾಗರಿಕರ ಲಸಿಕೆಗಾಗಿ ತೆರೆದ ಕೋವಿನ್ ತಾಣ ಈ ವಿಷಯದಲ್ಲಿ ಜಾಣತನ ತೋರಿತು. ಗುರುತಿನ ಚೀಟಿಯಲ್ಲಿರುವಂತೆ ಹೆಸರು, ಚೀಟಿಯ ಸಂಖ್ಯೆ, ಲಿಂಗ, ಹುಟ್ಟಿದ ವರ್ಷ: ಕೇಳಿದ್ದು ಇಷ್ಟೇ. ಒಂದೇ ದೂರವಾಣಿಯಿಂದ ನಾಲ್ವರ ನೋಂದಣಿ ಸಾಧ್ಯವಿದ್ದುದರಿಂದ ಮಕ್ಕಳು ತಂದೆತಾಯಿಗಳ ಪರವಾಗಿ ಬರೆಯಬಹುದಿತ್ತು. ಆದರೆ ದೂರವಾಣಿಗೆ ಬರುವ ಗುಪ್ತಸಂಖ್ಯೆಗೆ 180 ಸೆಕೆಂಡುಗಳ ಆಯುಷ್ಯ; ಕನ್ನಡಕ ಹುಡುಕುವವರಿಗೆ ಅದು ಸಾಲದು. ಭಾಷೆಯೂ ಮೊದಲು ಇಂಗ್ಲಿಷೇ. ಕನ್ನಡ, ಮರಾಠಿಗಳು ಬಂದದ್ದು ಜೂನ್ ತಿಂಗಳಲ್ಲಿ. ಪ್ರಮಾಣಪತ್ರದಲ್ಲಿ ತಪ್ಪಾಗಿ ಅಚ್ಚಾದ ಹೆಸರನ್ನು ತಾವೇ ತಿದ್ದಿಕೊಳ್ಳುವ ಅವಕಾಶವೂ ಅದೇ ತಿಂಗಳು ದೊರೆಯಿತು.