ಬಣ್ಣ ಹಿಡಿಯುವ ಎರೆಮಣ್ಣು

ಕಾಮರ್ಸ್ ಓದುವವನಿಗೆ ಮಣ್ಣಿನ ಉಸಾಬರಿ ಯಾಕೆ ಅಂತೀರೇನೋ. ಪುಣೆ ಸುತ್ತಲಿನ ಕಪ್ಪು ನೆಲವೂ ನಮ್ಮ ವಿಜಯಪುರದ ಎರೆ ಹೊಲವೂ ಒಂದೇ ಜಾತಿ. ದಖನ್ನಿನ ಕರಿಗಲ್ಲು ಸವೆದು ಆದದ್ದು. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದು ಅದರೊಳಗಿನ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದಿಂದ.

ಈ ಖನಿಜ ಪುಸ್ತಕದ ಹಾಳೆಗಳಂತೆ ಪದರಪದರವಾಗಿದೆ. ಪದರದಲ್ಲಿ ಅಲ್ಲಲ್ಲಿ 3 ಧನ ವಿದ್ಯುದಂಶದ ಅಲ್ಯುಮಿನಿಯಂ ಜಾಗದಲ್ಲಿ 2ರ ಮೆಗ್ನೀಸಿಯಂ ಕೂತಿರುತ್ತೆ. ಲೆಕ್ಕದಲ್ಲಿ ಕೊರತೆ ಬಿತ್ತಲ್ಲ, ಅದನ್ನು ತುಂಬಲು ಪದರಗಳ ನಡುವೆ ಸೋಡಿಯಂ, ಕ್ಯಾಲ್ಸಿಯಂ ಸಡಿಲವಾಗಿ ನಿಂತಿರುತ್ತವೆ. ಸೀಸ, ಕ್ಯಾಡ್ಮಿಯಂ ಕಲೆತ ನೀರು ಬಂದರೆ ಇವು ಹೊರಬಿದ್ದು ಅವು ಒಳಗೆ ಕೂರುತ್ತವೆ. ಮೆಥಿಲೀನ್ ಬ್ಲೂನಂಥ ಧನ ಬಣ್ಣಗಳೂ ಹಾಗೇ. ಆದರೆ ಹತ್ತಿ ಬಟ್ಟೆಗೆ ಹಾಕುವ ರಿಯಾಕ್ಟಿವ್ ಬಣ್ಣಗಳದು ಋಣ ವಿದ್ಯುದಂಶ. ಪಂಚಗಂಗೆಯ ದಂಡೆಯ ಇಚಲಕರಂಜಿಯಂಥ ನೇಕಾರರ ಊರಿಗೆ ಬರೀ ಮಣ್ಣು ಸಾಲದು. ಉದ್ದ ಬಾಲದ ಅಮೋನಿಯಂ ಲವಣ ಸೇರಿಸಿ ಅದರ ಸ್ವಭಾವವನ್ನೇ ತಿರುಗಿಸಬೇಕು. ಖರ್ಚು ಏರುವುದು ಅಲ್ಲೇ.

ಅಗ್ಗದ ಉಪಾಯ ಅಂತ ಹೊಗಳುವವರು ಒಂದು ಮಾತು ನುಂಗಿಬಿಡ್ತಾರೆ. ವಿಷ ಮಾಯವಾಗಿಲ್ಲ, ನೀರಿನ ಖಾತೆಯಿಂದ ಮಣ್ಣಿನ ಖಾತೆಗೆ ವರ್ಗವಾಗಿದೆ ಅಷ್ಟೇ. ಆ ಕೆಸರಿಗೆ ಆಮ್ಲ ತಗುಲಿದರೆ ಹೈಡ್ರೋಜನ್ ಒಳನುಗ್ಗಿ ಸೀಸವನ್ನು ಮತ್ತೆ ನೀರಿಗೆ ತಳ್ಳುತ್ತೆ. ಹಾಗಾಗಿ ಮುಠಾ ದಂಡೆಗೆ ಸುರಿಯುವಂತಿಲ್ಲ, ಸೋರದ ಗುಂಡಿ ಬೇಕು. ಪುಣೆ ಜಿಲ್ಲೆಯ ರಾಂಜಣಗಾಂವದಲ್ಲಿ ಅಪಾಯಕಾರಿ ತ್ಯಾಜ್ಯಕ್ಕೆ ಅಂಥ ನೆಲೆ ಇದೆ; ಅಲ್ಲಿಗೆ ಸಾಗಿಸುವ ಲಾರಿ ಬಾಡಿಗೆಯನ್ನೂ ಲೆಕ್ಕಕ್ಕೆ ಹಿಡೀಬೇಕ್ರಿ.